ಸೈನ್ಸ್ ಫಿಕ್ಷನ್, ದೆವ್ವ, ಫೈಟ್: ಕಣ್ಣು ಮುಚ್ಚಿದರೆ ಯಾವ ಸೀನ್ ಬರುತ್ತೆ?

ಕ್ಯಾತಸಂದ್ರದವನು:
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಮಗಳಿಗೆ ಪರೀಕ್ಷೆ ಇತ್ತು. ಅವಳು ರಾತ್ರಿ ಹನ್ನೆರಡರವರೆಗೆ ಓದುತ್ತಿದ್ದಳು. ಅವಳಿಗೆ ಜೊತೆಯಾಗಿ ಎದ್ದಿರೋಣ ಅಂತ ನಾನು ಹಾಲ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ಸಿನಿಮಾ ನೋಡುತ್ತಿದ್ದೆ. ಹೀಗೆ ಒಂಬತ್ತು ಸಿನಿಮಾ ಆಯಿತು. ಎಲ್ಲಾ ಸೈನ್ಸ್ ಫಿಕ್ಷನ್, ಇಲ್ಲಾ ಹಾರರ್, ಇಲ್ಲಾ ಫೈಟಿಂಗ್. ಮೂರರ ಬಗ್ಗೆ ಅನಿಸಿದ್ದು ಬರೆಯುತ್ತೇನೆ, ನೀವೂ ಬರೆಯಿರಿ. ಕಥೆ ಪೂರ್ತಿ ಹೇಳಬೇಡಿ, ಸ್ಟಾರ್ ಕೊಡಬೇಡಿ. ಕಣ್ಣು ಮುಚ್ಚಿದರೆ ಯಾವ ಸೀನ್ ಬರುತ್ತೆ, ಅದು ಯಾಕೆ ಉಳಿಯಿತು, ಅಷ್ಟು ಸಾಕು.

ಏಲಿಯನ್ (1979). ಈ ಹಡಗಿನಲ್ಲಿ ಇರುವವರು ಶೂರರಲ್ಲ. ನಮ್ಮ ಹೈವೇ ಡಾಬಾದಲ್ಲಿ ಕೂರುವ ಲಾರಿ ಡ್ರೈವರ್, ಕ್ಲೀನರ್ ಇದ್ದ ಹಾಗೆ ಇದ್ದಾರೆ. ಬೋನಸ್ ಎಷ್ಟು ಅಂತ ಜಗಳ ಆಡುತ್ತಾರೆ, ಕಾಫಿ ಕುಡಿಯುತ್ತಾರೆ. ಆ ಪ್ರಾಣಿ ಸುಮಾರು ಎರಡು ಗಂಟೆಯ ಸಿನಿಮಾದಲ್ಲಿ ಕಾಣುವುದು ನಾಲ್ಕೈದು ನಿಮಿಷ ಅಷ್ಟೇ. ಉಳಿದದ್ದೆಲ್ಲ ಅದು ಎಲ್ಲಿದೆ ಅನ್ನುವ ಕಾಯುವಿಕೆ. ನನಗೆ ಉಳಿದದ್ದು ಊಟದ ಮೇಜಿನ ಸೀನ್. ಆವತ್ತು ನಟರಿಗೆ ಏನಾಗುತ್ತದೆ, ಎಷ್ಟು ರಕ್ತ ಚಿಮ್ಮುತ್ತದೆ ಅಂತ ಪೂರ್ತಿ ಹೇಳಿರಲಿಲ್ಲವಂತೆ. ಆ ಮುಖಗಳಲ್ಲಿ ಇರುವ ಗಾಬರಿ ನಿಜವಾದದ್ದು.

ದಿ ಮಾರ್ಷಿಯನ್ (2015). ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದವನು ಆಲೂಗಡ್ಡೆ ಬೆಳೆಯುತ್ತಾನೆ. ಮೊದಲ ಹಸಿರು ಮೊಳಕೆ ಕಂಡಾಗ ಅವನು ಅದರ ಮುಂದೆ ಬಗ್ಗುತ್ತಾನಲ್ಲ, ಆ ಸೀನ್. ನಮ್ಮಪ್ಪ ರಾಗಿ ಪೈರು ನೋಡುತ್ತಿದ್ದದ್ದು ಹಾಗೇ. ಆದರೆ ಶುರುವಿನ ಬಿರುಗಾಳಿ ಒಪ್ಪುವ ಮಾತಲ್ಲ. ಮಂಗಳದ ಗಾಳಿ ನಮ್ಮ ಗಾಳಿಯ ನೂರರಲ್ಲಿ ಒಂದು ಪಾಲಿಗಿಂತ ತೆಳು. ಎಷ್ಟು ಜೋರಾಗಿ ಬೀಸಿದರೂ ಅದು ರಾಕೆಟ್ ವಾಲಿಸುವಷ್ಟು ನೂಕುವುದಿಲ್ಲ.

ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್ (2015). ಮಾತು ಕಡಿಮೆ, ಓಟ ಜಾಸ್ತಿ. ನಮೀಬಿಯಾದ ಮರುಭೂಮಿಯಲ್ಲಿ ನಿಜವಾದ ಗಾಡಿಗಳನ್ನೇ ಓಡಿಸಿದ್ದಾರೆ. ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಕರಾಟೆ ಮಾಸ್ಟರ್, ತುಮಕೂರು:
ಅಣ್ಣ, ಫ್ಯೂರಿ ರೋಡ್‌ಗೆ ನಾಲ್ಕು ಸಾಲು ಸಾಲದು. ಅಷ್ಟು ಜೋರಾಗಿ ಓಡುತ್ತಿದ್ದರೂ ಕಣ್ಣು ನೋಯುವುದಿಲ್ಲ, ಗಮನಿಸಿದಿರಾ? ನೋಡಬೇಕಾದ ವಸ್ತುವನ್ನು ಹೆಚ್ಚಾಗಿ ಪರದೆಯ ನಡುವೆಯೇ ಇಟ್ಟಿದ್ದಾರೆ. ಶಾಟ್ ಬದಲಾದಾಗ ಕಣ್ಣು ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಎಡಿಟ್ ಮಾಡಿದವರು ಮಾರ್ಗರೆಟ್ ಸಿಕ್ಸೆಲ್. ಅವರಿಗೆ ಅದಕ್ಕೇ ಆಸ್ಕರ್ ಬಂತು. ಒಟ್ಟು ಆರು ಆಸ್ಕರ್ ಆ ಸಿನಿಮಾಗೆ.

ನಾನು ಮಕ್ಕಳಿಗೆ ಕರಾಟೆ ಹೇಳಿಕೊಡುತ್ತೇನೆ. ಈಗಿನ ಎಷ್ಟೋ ಫೈಟ್ ಸೀನ್ ನೋಡಿದರೆ ನನಗೆ ಬೇಜಾರಾಗುತ್ತದೆ. ಒಂದು ಏಟು ಬೀಳುವಷ್ಟರಲ್ಲಿ ಮೂರು ಕಟ್. ಕಾಲು ಎತ್ತಿದ್ದು ಒಂದು ಶಾಟ್, ತಾಗಿದ್ದು ಇನ್ನೊಂದು, ಬಿದ್ದದ್ದು ಮತ್ತೊಂದು. ಯಾರು ಹೊಡೆದರು, ಯಾರಿಗೆ ತಾಗಿತು ಗೊತ್ತಾಗುವುದಿಲ್ಲ. ಮೈ ಬಳಕುವುದು ಒಂದೇ ಉಸಿರಿನಲ್ಲಿ ಕಾಣಬೇಕು. ಜಾಕಿ ಚಾನ್ ಅವರ ಪೊಲೀಸ್ ಸ್ಟೋರಿ (1985) ನೋಡಿ. ಮಾಲ್‌ನಲ್ಲಿ ಮೇಲಿಂದ ಕೆಳಗಿನವರೆಗೆ ಲೈಟ್ ಸುತ್ತಿದ ಕಂಬ ಹಿಡಿದು ಜಾರುತ್ತಾರೆ. ಅದನ್ನೇ ಬೇರೆ ಬೇರೆ ಕಡೆಯಿಂದ ಮತ್ತೆ ತೋರಿಸುತ್ತಾರೆ, ಯಾಕೆಂದರೆ ಅದು ನಿಜವಾಗಿ ಆದದ್ದು. ಅವರ ಅಂಗೈ ಸುಟ್ಟಿತ್ತು.

ಕ್ಲಾಸಿನ ಹುಡುಗರಿಗೆ ಆ ಸೀನ್ ತೋರಿಸಿದರೆ ಇನ್ನೊಂದು ಮಾತೂ ಹೇಳುತ್ತೇನೆ. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರುವ ಶಾಟ್‌ಗೆ ನಮ್ಮ ಇಬ್ಬರು ಕನ್ನಡದ ನಟರು ಜೀವ ಕಳೆದುಕೊಂಡರು. ಆವತ್ತು ಟಿವಿಯಲ್ಲಿ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಫೈಟ್ ನನಗೆ ಪ್ರಾಣ. ಆದರೆ ಲೈಫ್ ಜಾಕೆಟ್ ಇಲ್ಲದೆ ತೆಗೆದ ಯಾವ ಶಾಟೂ ನನಗೆ ಬೇಡ.

ಮಧುಗಿರಿ ಅಕ್ಕ:
ಮಾಸ್ಟರ್ ಹೇಳಿದ ಕೊನೆಯ ಮಾತು ಎಲ್ಲರೂ ಓದಬೇಕು.

ಚಾಂಪಿಯನ್ ರೀಫ್ ಹುಡುಗಿ:
ನಾನು ಕೆಜಿಎಫ್‌ನವಳು. ಊರಿನ ಹೆಸರಿನ ಸಿನಿಮಾದಿಂದಲೇ ಶುರು ಮಾಡುತ್ತೇನೆ. ಕೆಜಿಎಫ್ ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ ಬಂತು. ಫೈಟ್‌ಗೂ ಸ್ಪೆಷಲ್ ಎಫೆಕ್ಟ್ಸ್‌ಗೂ ರಾಷ್ಟ್ರ ಪ್ರಶಸ್ತಿ ಸಿಕ್ಕಿತು, ಸಿಗಬೇಕಾದದ್ದೇ. ಆದರೆ ಹೊರಗಿನವರು ಸಿಕ್ಕಿದಾಗಲೆಲ್ಲ ನಿಮ್ಮೂರಲ್ಲಿ ಹಾಗೆಲ್ಲ ಇತ್ತಾ ಅಂತ ಕೇಳುತ್ತಾರೆ. ಇರಲಿಲ್ಲ. ನರಾಚಿ ಅನ್ನುವುದು ಕಥೆಯ ಊರು. ನಿಜವಾದ ಗಣಿಯನ್ನು 1956ರಲ್ಲೇ ಮೈಸೂರು ಸರ್ಕಾರ ತಗೊಂಡಿತ್ತು, ಆಮೇಲೆ ಅದು ಕೇಂದ್ರಕ್ಕೆ ಹೋಯಿತು. ಸಿನಿಮಾದಲ್ಲಿ ಜನರನ್ನು ಕೂಡಿಹಾಕಿ ಹೊಡೆಯುವ ಕಾಲಕ್ಕೆ ನಮ್ಮ ತಾತ ಸೈರನ್ ಕೇಳಿ ಊಟದ ಡಬ್ಬಿ ಹಿಡಿದು ಶಿಫ್ಟ್‌ಗೆ ಹೋಗುತ್ತಿದ್ದರು.

ಸಿನಿಮಾದಲ್ಲಿ ನಿಜವಾದದ್ದು ಧೂಳು. ಸೆಟ್ ಹಾಕಿದ್ದು ನಮ್ಮ ಸೈನೈಡ್ ದಿಬ್ಬದ ಮೇಲೆ. ಚಿನ್ನ ತೆಗೆದು ಉಳಿದ ಪುಡಿಯನ್ನು ನೂರು ವರ್ಷ ಸುರಿದು ಸುರಿದು ಆದ ಗುಡ್ಡಗಳವು. ಬೇಸಿಗೆಯಲ್ಲಿ ಗಾಳಿ ಬಂದರೆ ಆ ಪುಡಿ ಹಿಟ್ಟಿನ ಹಾಗೆ ಮನೆಯೊಳಗೆ ಬರುತ್ತದೆ. ಅಮ್ಮ ಅನ್ನದ ಪಾತ್ರೆಗೆ ಎರಡು ತಟ್ಟೆ ಮುಚ್ಚುತ್ತಿದ್ದರು.

ಭಯದ ಮಾತು ಬಂದರೆ, ನಮ್ಮಲ್ಲಿ ಭಯ ಅಂದರೆ ರಾಕ್ ಬರ್ಸ್ಟ್. ಎರಡು ಮೂರು ಕಿಲೋಮೀಟರ್ ಕೆಳಗೆ ಒತ್ತಡಕ್ಕೆ ಬಂಡೆ ಸಿಡಿಯುತ್ತದೆ. ಮೇಲೆ ಶೆಲ್ಫಿನಲ್ಲಿ ಲೋಟ ಗಲಗಲ ಅನ್ನುತ್ತದೆ. ಆ ಸದ್ದು ನಿಂತ ಮೇಲೆ ಅಜ್ಜಿ ಏನೂ ಮಾತಾಡದೆ ಸೆರಗು ಹೊದ್ದು ಶಾಫ್ಟ್ ಕಡೆ, ಅಂದರೆ ಗಣಿಗೆ ಇಳಿಯುವ ಬಾವಿಯ ಕಡೆ, ನಡೆಯುತ್ತಿದ್ದರಂತೆ. ಕಾರ್ಮಿಕರ ಲೈನಿನ ಎಲ್ಲಾ ಮನೆಯಿಂದ ಹೆಂಗಸರು ಹಾಗೇ ಹೊರಡುತ್ತಿದ್ದರಂತೆ. ಯಾರಾದರೂ ನಮ್ಮ ಗಣಿ ಮೇಲೆ ಹಾರರ್ ಸಿನಿಮಾ ತೆಗೆದರೆ ದೆವ್ವ ಬೇಡ. ಆ ಲೋಟದ ಸದ್ದು, ಆಮೇಲಿನ ನಡಿಗೆ ಸಾಕು.

ಇಂಟರ್‌ಸ್ಟೆಲ್ಲರ್ (2014) ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಅದು ನನಗೆ ಬೇರೆ ರೀತಿ ತಟ್ಟಿದ್ದು.

ಫಿಸಿಕ್ಸ್ ಮೇಷ್ಟ್ರು, ಮಾಲೂರು:
ತಾಯಿ, ನಿಮ್ಮ ಗಣಿಯಲ್ಲೇ ಒಂದು ಸೈನ್ಸ್ ಫಿಕ್ಷನ್ ನಿಜವಾಗಿ ನಡೆದಿದೆ. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ.

2012 ಅನ್ನುವ ಸಿನಿಮಾ 2009ರಲ್ಲಿ ಬಂತಲ್ಲ, ಪ್ರಳಯದ್ದು. ಅದು ಶುರುವಾಗುವುದು ಭಾರತದ ಒಂದು ಆಳವಾದ ತಾಮ್ರದ ಗಣಿಯಲ್ಲಿ. ಸೂರ್ಯನಿಂದ ಬಂದ ನ್ಯೂಟ್ರಿನೋ ಅನ್ನುವ ಅತಿ ಸಣ್ಣ ಕಣಗಳು ಭೂಮಿಯ ಒಡಲನ್ನು ಕಾಯಿಸುತ್ತಿವೆ ಅಂತ ನಮ್ಮ ವಿಜ್ಞಾನಿಯೊಬ್ಬ ಅಲ್ಲಿ ಕಂಡುಹಿಡಿಯುತ್ತಾನೆ. ಕ್ಲಾಸಿನಲ್ಲಿ ಹುಡುಗರು ಇದು ನಿಜವಾ ಸರ್ ಅಂತ ಕೇಳಿದರು. ಅರ್ಧ ನಿಜ, ಅರ್ಧ ಸುಳ್ಳು ಅಂದೆ.

ನಿಜ ಇಷ್ಟು. ಭಾರತದ ಆಳವಾದ ಗಣಿಯಲ್ಲಿ ನ್ಯೂಟ್ರಿನೋ ಹುಡುಕಿದ್ದು ಹೌದು. ಅದು ತಾಮ್ರದ್ದಲ್ಲ, ನಮ್ಮ ಕೋಲಾರದ ಚಿನ್ನದ ಗಣಿ. 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರ್‌ಗಿಂತ ಆಳದಲ್ಲಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಉಪಕರಣ ಇಟ್ಟು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ಜಗತ್ತಿನಲ್ಲಿ ಮೊದಲು ಹಿಡಿದವರಲ್ಲಿ ಅವರೂ ಸೇರಿದ್ದಾರೆ. ಅಷ್ಟು ಕೆಳಗೆ ಯಾಕೆ ಇಳಿದರು? ಆಕಾಶದಿಂದ ಬೀಳುವ ಬೇರೆ ಕಣಗಳ ಗದ್ದಲ ಮೇಲೆ ಜಾಸ್ತಿ. ಬಂಡೆ ಅವನ್ನು ಬಹುಪಾಲು ತಡೆಯುತ್ತದೆ. ನ್ಯೂಟ್ರಿನೋವನ್ನು ಮಾತ್ರ ತಡೆಯುವುದಿಲ್ಲ. ಜಾತ್ರೆಯಲ್ಲಿ ಪಿಸುಮಾತು ಕೇಳುವುದಿಲ್ಲ, ಗರ್ಭಗುಡಿಯಲ್ಲಿ ಕೇಳುತ್ತದೆ ಅಲ್ವಾ, ಹಾಗೆ.

ಸುಳ್ಳು ಯಾವುದು ಅಂದರೆ ಆ ಕಾಯಿಸುವ ಕಥೆ. ನೀವು ಈ ಸಾಲು ಓದುವಷ್ಟರಲ್ಲಿ ಕೋಟಿ ಕೋಟಿ ನ್ಯೂಟ್ರಿನೋ ನಿಮ್ಮ ಮೈಯೊಳಗಿಂದ ಹೋಗಿವೆ. ನಿಮಗೆ ಏನೂ ಆಗಿಲ್ಲ. ಹೆಚ್ಚುಕಮ್ಮಿ ಯಾವುದನ್ನೂ ಮುಟ್ಟದೆ ಹೋಗುವುದೇ ಅದರ ಗುಣ. ಹಾಗಾಗಿಯೇ ಅದನ್ನು ಹಿಡಿಯಲು ಅಷ್ಟು ಕಷ್ಟ.

ಈ ಪಾಠ ಮಾಡುವಾಗ ನಾನು ಹುಡುಗರಿಗೆ ಆ ಪ್ರಳಯದ ಸೀನ್ ಹೇಳುವುದಿಲ್ಲ. ಗಣಿಯ ಲಿಫ್ಟ್ ಆದ ಕೇಜ್ ಹತ್ತಿ, ಬೆವರು ಸುರಿಸುತ್ತಾ, ಚಿನ್ನ ಅಗೆಯುವವರ ಪಕ್ಕದಲ್ಲೇ ನಿಂತು, ಚಿನ್ನ ಅಲ್ಲದ ಯಾವುದನ್ನೋ ಕಾಯುತ್ತಿದ್ದ ವಿಜ್ಞಾನಿಗಳ ಬಗ್ಗೆ ಹೇಳುತ್ತೇನೆ. ಆ ಸಿನಿಮಾ ಇನ್ನೂ ಯಾರೂ ತೆಗೆದಿಲ್ಲ.

ಚಾಂಪಿಯನ್ ರೀಫ್ ಹುಡುಗಿ:
ಸರ್, ತಾತ ಕೆಳಗೆ "ಲೈಟು ಹುಡುಕೋರು" ಇದ್ದರು ಅಂತ ಹೇಳುತ್ತಿದ್ದರು. ನಾವು ಟಾರ್ಚ್ ಕಳೆದುಕೊಂಡವರು ಅಂದುಕೊಂಡಿದ್ದೆವು. ಅವರು ಈ ವಿಜ್ಞಾನಿಗಳು ಅಂತ ಇವತ್ತು ಗೊತ್ತಾಯಿತು. ತುಂಬಾ ಥ್ಯಾಂಕ್ಸ್ ಸರ್.

ದ್ರಾಕ್ಷಿ ತೋಟ:
ಮೇಷ್ಟ್ರು ಕೆಳಗಿನದ್ದು ಹೇಳಿದರು, ನಾನು ಮೇಲಿನದ್ದು ಹೇಳುತ್ತೇನೆ. ನಾನು ಗೌರಿಬಿದನೂರು ಕಡೆಯವನು. ನಮ್ಮಲ್ಲಿ ಆಕಾಶದಿಂದ ಬರುವ ಅಲೆ ಹಿಡಿಯುವ ರೇಡಿಯೋ ದೂರದರ್ಶಕ ಇದೆ. ಹೈಸ್ಕೂಲಿನಲ್ಲಿ ಕರೆದುಕೊಂಡು ಹೋಗಿದ್ದರು. ದೊಡ್ಡ ತಟ್ಟೆ ಇರುತ್ತೆ ಅಂದುಕೊಂಡು ಹೋದೆವು. ಇದ್ದದ್ದು ಕಂಬ ಮತ್ತು ತಂತಿ. ಸಾಲು ಸಾಲಾಗಿ, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ, ಸಾವಿರ ಆಂಟೆನಾ. ಒಂದು ಕೈ 1.4 ಕಿಲೋಮೀಟರ್ ಉದ್ದ. ದ್ರಾಕ್ಷಿ ಚಪ್ಪರಕ್ಕೆ ಕಲ್ಲು ಕಂಬ ನೆಟ್ಟು ತಂತಿ ಎಳೆಯುತ್ತೇವಲ್ಲ, ಥೇಟ್ ಹಾಗೇ ಕಂಡಿತು ನನಗೆ. ಅದು ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್ ಅಲೆ.

ಕಾಂಟ್ಯಾಕ್ಟ್ (1997) ನೋಡುವಾಗ ಅದೇ ನೆನಪು. ಶುರುವಿನಲ್ಲಿ ಕ್ಯಾಮೆರಾ ಭೂಮಿಯಿಂದ ದೂರ ಹೋಗುತ್ತಾ ಹೋಗುತ್ತಾ ರೇಡಿಯೋ ಸದ್ದು ಹಳೆಯದಾಗುತ್ತಾ ಹೋಗುತ್ತದೆ. ಮೊದಲು ಈಗಿನ ಹಾಡು, ಆಮೇಲೆ ಹಳೆಯ ಸುದ್ದಿ, ಕೊನೆಗೆ ಮೌನ. ದೂರ ಹೋದಷ್ಟೂ ಹಳೆಯ ಅಲೆ ಸಿಗುತ್ತದೆ ಅನ್ನುವುದನ್ನು ಒಂದೂ ಮಾತಿಲ್ಲದೆ ತೋರಿಸಿಬಿಟ್ಟರು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆ ಸೀನ್ ಪೂರ್ತಿ ಅರ್ಥವಾಯಿತು.

ಒಂದು ತಪ್ಪು ಇದೆ. ನಾಯಕಿ ಹೆಡ್‌ಫೋನ್ ಹಾಕಿಕೊಂಡು ನಕ್ಷತ್ರಗಳನ್ನು ಕಿವಿಯಲ್ಲೇ ಕೇಳುತ್ತಾಳೆ. ನಿಜವಾದ ಕೆಲಸ ಹಾಗಲ್ಲ, ಯಂತ್ರ ದಾಖಲಿಸಿಕೊಳ್ಳುತ್ತದೆ, ಲೆಕ್ಕ ಆಮೇಲೆ. ಆದರೂ ಆ ತಪ್ಪನ್ನು ನಾನು ಮನ್ನಿಸುತ್ತೇನೆ. ಅವಳು ಕಣ್ಣು ಮುಚ್ಚಿ ಕೇಳುವ ಮುಖ ಇಲ್ಲದಿದ್ದರೆ ಆ ಸಿನಿಮಾ ಇಲ್ಲ.

ಶಿಡ್ಲಘಟ್ಟ ರೇಷ್ಮೆ:
ಏಲಿಯನ್ ಬಗ್ಗೆ ಒಂದು ಮಾತು. ಊಟದ ಮೇಜಿನ ಸೀನ್ ನೋಡಿ ನನ್ನ ತಮ್ಮ ಕಿರುಚಿದ. ನಾನು ಕಿರುಚಲಿಲ್ಲ, ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಮಗೆ ಅದು ಹೊಸದಲ್ಲ. ರೇಷ್ಮೆ ಸಾಕುವ ಎಲ್ಲರಿಗೂ ಊಜಿ ನೊಣ ಗೊತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊಜಿ ಅಂದರೆ ಮನೆ ನೊಣಕ್ಕಿಂತ ದಪ್ಪನೆಯ ನೊಣ. ಕಿಟಕಿ ಬಲೆಯಲ್ಲಿ ಒಂದು ಸಣ್ಣ ತೂತು ಸಿಕ್ಕರೆ ಹುಳು ಸಾಕುವ ಮನೆಯೊಳಗೆ ಬರುತ್ತದೆ. ರೇಷ್ಮೆ ಹುಳದ ಮೈಮೇಲೆ ಬಿಳಿ ಚುಕ್ಕಿಯಂಥ ಮೊಟ್ಟೆ ಅಂಟಿಸಿ ಹೋಗುತ್ತದೆ. ಮರಿ ಒಡೆದು ಹುಳದ ಒಳಗೆ ಕೊರೆದುಕೊಂಡು ಹೋಗುತ್ತದೆ. ಹೋದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಹುಳು ಮಾತ್ರ ಏನೂ ಆಗದವರ ಹಾಗೆ ಸೊಪ್ಪು ತಿನ್ನುತ್ತಿರುತ್ತದೆ. ನಾಲ್ಕನೇ ಜ್ವರ (ಹುಳು ಕೊನೆಯ ಸಲ ಪೊರೆ ಬಿಡುವುದು) ಎದ್ದು, ಇನ್ನೇನು ಹಣ್ಣಾಗಬೇಕು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹಾಕಬೇಕು ಅನ್ನುವಾಗ ಆ ಮರಿ ಮೈ ಸೀಳಿಕೊಂಡು ಹೊರಗೆ ಬರುತ್ತದೆ. ಕೆಲವು ಸಲ ಹುಳು ಗೂಡು ಕಟ್ಟಿರುತ್ತದೆ. ಆಗ ಗೂಡನ್ನೇ ತೂತು ಮಾಡಿಕೊಂಡು ಬರುತ್ತದೆ. ತೂತಾದ ಗೂಡಿನಲ್ಲಿ ನೂಲು ಎಳೆ ಎಳೆಯಾಗಿ ಬರುವುದಿಲ್ಲ. ಮಾರ್ಕೆಟ್‌ನಲ್ಲಿ ಬೆಲೆ ಇಲ್ಲ.

ಮೊದಲು ಈ ನೊಣ ನಮ್ಮ ಕಡೆ ಇರಲಿಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂತು. ಸಿನಿಮಾ ಬಂದದ್ದು 1979. ಅಮ್ಮ ಆವತ್ತಿನ ಬೆಳೆ ನೆನೆಸಿಕೊಂಡರೆ ಇವತ್ತಿಗೂ ಮಾತು ನಿಲ್ಲಿಸುತ್ತಾರೆ. ಆ ಸಿನಿಮಾ ಮಾಡಿದವರು ಏನು ನೋಡಿ ಆ ಸೀನ್ ಯೋಚಿಸಿದರೋ, ನಮಗೆ ಮಾತ್ರ ಅದು ಕಟ್ಟುಕಥೆ ಅನಿಸುವುದಿಲ್ಲ.

ಕ್ಯಾತಸಂದ್ರದವನು:
ಅಣ್ಣ, ನಾನು ಎರಡು ಸಲ ಓದಿದೆ. ಮಗಳಿಗೂ ಓದಿ ಹೇಳಿದೆ. ಇನ್ನೊಮ್ಮೆ ಆ ಸಿನಿಮಾ ನೋಡಿದರೆ ನನಗೆ ಕಾಣುವುದು ನಿಮ್ಮ ಹುಳು ಮನೆಯೇ.

ಮಧುಗಿರಿ ಅಕ್ಕ:
ನನ್ನದು ಹಾರರ್. ಬೇರೆ ಎರಡೂ ನನಗೆ ಅಷ್ಟು ಹಿಡಿಸುವುದಿಲ್ಲ.

ನಾ ನಿನ್ನ ಬಿಡಲಾರೆ (1979). ನಾನು ನೋಡಿದ್ದು ಗಣೇಶನ ಹಬ್ಬದಲ್ಲಿ, ಬೀದಿಯಲ್ಲಿ ಬಿಳಿ ಪರದೆ ಕಟ್ಟಿ ಹಾಕಿದಾಗ. ಮುಂದೆ ಜಾಗ ಇರಲಿಲ್ಲ. ನಾವು ಮಕ್ಕಳೆಲ್ಲ ಪರದೆಯ ಹಿಂದೆ ಕೂತೆವು. ಹಿಂದಿನಿಂದ ಎಲ್ಲಾ ತಿರುಗುಮುರುಗು. ಅಕ್ಷರ ಉಲ್ಟಾ, ಬಲಗೈ ಎಡಗೈ ಆಗಿತ್ತು. ಗಾಳಿ ಬಂದಾಗ ಪರದೆ ಉಬ್ಬುತ್ತಿತ್ತು. ಅನಂತನಾಗ್ ಮೈಮೇಲೆ ಹೆಣ್ಣಿನ ದೆವ್ವ ಬಂದು ಮುಖ ಬದಲಾಗುವಾಗ ಸರಿಯಾಗಿ ಗಾಳಿ ಬಂತು. ಆ ಮುಖ ನಮ್ಮ ಕಡೆಗೆ ಉಬ್ಬಿಕೊಂಡು ಬಂತು. ಮೂವರು ಎದ್ದು ಓಡಿದೆವು. ನನ್ನ ಚಪ್ಪಲಿ ಅಲ್ಲೇ ಉಳಿಯಿತು.

ಆಮೇಲೆ ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಈಗ ಗೊತ್ತಾಗುತ್ತದೆ, ಆ ಸಿನಿಮಾ ನಿಂತಿರುವುದು ಒಬ್ಬ ನಟನ ಕಣ್ಣು ಮತ್ತು ಕತ್ತಿನ ಮೇಲೆ. ಹಿಂಸೆ ಇಲ್ಲ, ಕತ್ತರಿಸಿದ ಕೈಕಾಲು ಇಲ್ಲ. ಮನೆಯಲ್ಲಿ ಪ್ರೀತಿಯಿಂದ ಇದ್ದ ಗಂಡ ಒಂದು ಕ್ಷಣ ಬೇರೆಯವನಾಗಿ ನೋಡುತ್ತಾನೆ, ಅಷ್ಟೇ. ಮದುವೆಯಾದ ಯಾವ ಹೆಂಗಸಿಗೂ ಅದಕ್ಕಿಂತ ದೊಡ್ಡ ಭಯ ಬೇಡ.

ಈಗ ಬರುವ ಕೆಲವು ಹಾರರ್‌ಗಳಲ್ಲಿ ಸುಮ್ನೆ ದಢಾರ್ ಅಂತ ಸದ್ದು ಹಾಕಿ ಬೆಚ್ಚಿ ಬೀಳಿಸುತ್ತಾರೆ. ಬೆಚ್ಚಿ ಬೀಳುವುದು ಬೇರೆ, ಹೆದರುವುದು ಬೇರೆ. ಬಾಗಿಲು ಬಡಿದರೂ ಬೆಚ್ಚಿ ಬೀಳುತ್ತೇವೆ. ಹೆದರಿಕೆ ಅನ್ನುವುದು ಸಿನಿಮಾ ಮುಗಿದು ಹಿತ್ತಲಿಗೆ ಹೋಗುವಾಗ ಬರಬೇಕು.

ಬಾಗೇಪಲ್ಲಿ ಬಸ್ಸು:
ಅಕ್ಕ, ಆಪ್ತಮಿತ್ರದ (2004) ಬಗ್ಗೆ ಯಾರೂ ಹೇಳದ ಒಂದು ವಿಷಯ. ನಾಗವಲ್ಲಿ ಹಾಡುವ ಹಾಡು ತೆಲುಗಿನದು. ಬೆಂಗಳೂರಿನ ಗೆಳೆಯರಿಗೆ ಅದು ಯಾವುದೋ ಕಾಲದ, ಯಾವುದೋ ಊರಿನ ಆತ್ಮದ ಭಾಷೆ. ಅರ್ಥವಾಗದೆ ಹೆದರುತ್ತಾರೆ. ನಮ್ಮ ಮನೆಯಲ್ಲಿ ಮಾತಾಡುವುದೇ ತೆಲುಗು. ಅಜ್ಜಿ ನನ್ನನ್ನು ಊಟಕ್ಕೆ ಕರೆಯುವ ಮಾತಿನಲ್ಲೇ ದೆವ್ವ ಕರೆಯುತ್ತಿತ್ತು. ನನಗೆ ಅರ್ಥವಾಗಿ ಹೆದರಿಕೆ ಆಯಿತು. ಯಾವುದು ಜಾಸ್ತಿ ಅಂತ ನೀವೇ ಹೇಳಿ.

ನಾಗವಲ್ಲಿಯಾಗಿ ನಟಿಸಿದ ಸೌಂದರ್ಯ ಅವರು ಏಪ್ರಿಲ್‌ನಲ್ಲಿ ತೀರಿಕೊಂಡರು, ಸಿನಿಮಾ ಆಗಸ್ಟ್‌ನಲ್ಲಿ ಬಂತು. ಥಿಯೇಟರಿನಲ್ಲಿ ಅವರು ಗೆಜ್ಜೆ ಕಟ್ಟಿ ಬರುವಾಗ ಯಾರೂ ಶಿಳ್ಳೆ ಹಾಕಲಿಲ್ಲ. ನನ್ನ ಪಕ್ಕದಲ್ಲಿದ್ದವರು ಕಣ್ಣು ಒರೆಸಿಕೊಂಡರು. ಕೋಲಾರ ಜಿಲ್ಲೆ ಅಂದರೆ ಅವರ ಊರೂ ಹೌದಲ್ಲ, ಮುಳಬಾಗಿಲು.

ಇನ್ನೊಂದು, ಸೈನ್ಸ್ ಫಿಕ್ಷನ್. ಆದಿತ್ಯ 369 (1991), ಸಿಂಗೀತಂ ಶ್ರೀನಿವಾಸರಾವ್ ಅವರದು, ತೆಲುಗು. ಟೈಮ್ ಮಷೀನ್ ಹತ್ತಿ ಹೋದರೆ 1526ರ ಕೃಷ್ಣದೇವರಾಯನ ಆಸ್ಥಾನ, ಅಲ್ಲಿಂದ 2504. ನಮ್ಮ ಕಡೆಯವರಿಗೆ ವಿಜಯನಗರ ಪಾಠದ ಪುಸ್ತಕದ್ದಲ್ಲ, ಗುಮ್ಮನಾಯಕನಪಾಳ್ಯದ ಕೋಟೆ ಹತ್ತಿದರೆ ಕೈಗೆ ಸಿಗುವಂಥದ್ದು. ದುಡ್ಡು ಕಡಿಮೆ ಇದ್ದರೂ ಸೈನ್ಸ್ ಫಿಕ್ಷನ್ ಮಾಡಬಹುದು ಅನ್ನುವುದಕ್ಕೆ ನನಗೆ ಅದೇ ಸಾಕ್ಷಿ. ಕನ್ನಡದಲ್ಲೂ 2002ರಲ್ಲೇ ಉಪೇಂದ್ರ ಮನುಷ್ಯ ರೂಪದ ಯಂತ್ರ ಆಗಿ ಹಾಲಿವುಡ್ ಅನ್ನುವ ಸಿನಿಮಾ ಮಾಡಿದ್ದರು. ತಮಿಳಿನ ಎಂದಿರನ್ ಬಂದದ್ದು 2010ರಲ್ಲಿ.

ಹೊಸೂರು ಹಳೇ ವಿದ್ಯಾರ್ಥಿ:
ನನ್ನದು ಸ್ವಲ್ಪ ಬೇರೆ ಮಾತು, ಬೇಜಾರು ಮಾಡಿಕೊಳ್ಳಬೇಡಿ. ದೆವ್ವದ ಸಿನಿಮಾ ನಮ್ಮ ಹಳ್ಳಿಗಳಲ್ಲಿ ಕೆಟ್ಟದ್ದೂ ಮಾಡಿದೆ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗಿಗೆ ಫಿಟ್ಸ್ ಬರುತ್ತಿತ್ತು. ಸಿನಿಮಾದಲ್ಲಿ ನೋಡಿದ ಹಾಗೆ ಬೇವಿನ ಸೊಪ್ಪಿನಲ್ಲಿ ಹೊಡೆದರು. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಎಚ್. ನರಸಿಂಹಯ್ಯನವರು ಹುಟ್ಟಿದ ಗೌರಿಬಿದನೂರು ತಾಲೂಕು ಇದು. ಫಿಸಿಕ್ಸ್ ಓದಿದ ಆ ಮನುಷ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದವರು. ಅವರ ಊರಲ್ಲೇ ಹೀಗಾದರೆ ಹೇಗೆ?

ಮಧುಗಿರಿ ಅಕ್ಕ:
ಬೇಜಾರು ಏನೂ ಇಲ್ಲ ತಮ್ಮ. ನೀವು ಹೇಳಿದ್ದು ನಿಜ. ನಾನು ಆಶಾ ಕಾರ್ಯಕರ್ತೆ, ಅಂಥ ಮನೆಗಳಿಗೆ ಹೋಗಿದ್ದೇನೆ. ಆದರೆ ಆಪ್ತಮಿತ್ರವನ್ನೇ ನೋಡಿ. ಅಲ್ಲಿ ಗುಣ ಮಾಡಲು ಬರುವವನು ಮನೋವೈದ್ಯ. ಒಬ್ಬ ತಾಯಿಗೆ ನಾನು ಅದೇ ಸಿನಿಮಾ ಹೆಸರು ಹೇಳಿ, ವಿಷ್ಣುವರ್ಧನ್ ಮಾಡಿದಂಥ ಡಾಕ್ಟರು ನಿಜವಾಗಿಯೂ ಇರುತ್ತಾರೆ ಅಂತ ಹೇಳಿ ಮಗಳನ್ನು ಜಿಲ್ಲಾಸ್ಪತ್ರೆಗೆ ಕಳಿಸಿದೆ. ಬೇರೆ ಯಾವ ಮಾತಿಗೂ ಅವರು ಒಪ್ಪಿರಲಿಲ್ಲ.

ಹೊಸೂರು ಹಳೇ ವಿದ್ಯಾರ್ಥಿ:
ಹಾಗಾದರೆ ನನ್ನ ಮಾತನ್ನು ಅರ್ಧ ವಾಪಸ್ ತಗೊಳ್ಳುತ್ತೇನೆ ಅಕ್ಕ. ಸಿನಿಮಾ ಯಾವುದು ಅನ್ನುವುದರ ಮೇಲೆ ನಿಂತಿದೆ.

ಶಿರಾ ತಾತ:
ನನಗೆ ಟೈಪ್ ಮಾಡಿಕೊಡುತ್ತಿರುವುದು ಮೊಮ್ಮಗ.

ಜೇಡರ ಬಲೆ (1968). ಟೂರಿಂಗ್ ಟಾಕೀಸಿನಲ್ಲಿ, ನೆಲದ ಮೇಲೆ ಕೂತು, ಮರಳು ಗುಡ್ಡೆ ಮಾಡಿಕೊಂಡು ನೋಡಿದ್ದು. ಅಲ್ಲಿಯವರೆಗೆ ರಾಜ್‌ಕುಮಾರ್ ಅಂದರೆ ಕಿರೀಟ, ಗದೆ, ಇಲ್ಲಾ ಪಂಚೆ. ಇಲ್ಲಿ ಕೋಟು ಹಾಕಿ ಪಿಸ್ತೂಲು ಹಿಡಿದು ಸಿಐಡಿ 999 ಆಗಿ ಬಂದರು. ಮಾರನೇ ದಿನ ಊರಿನ ಹುಡುಗರೆಲ್ಲ ಬೆರಳಲ್ಲೇ ಪಿಸ್ತೂಲು.

ಆಮೇಲೆ ಬೆಂಗಳೂರಿನಲ್ಲಿ ಎಂಟರ್ ದಿ ಡ್ರ್ಯಾಗನ್ (1973) ನೋಡಿದೆ. ಒಂದು ಮಾತೂ ಅರ್ಥವಾಗಲಿಲ್ಲ. ಕೊನೆಯಲ್ಲಿ ಕನ್ನಡಿಗಳ ಕೋಣೆ. ಎಲ್ಲಿ ನೋಡಿದರೂ ಶತ್ರು. ಬ್ರೂಸ್ ಲೀ ಒಂದೊಂದೇ ಕನ್ನಡಿ ಒಡೆಯುತ್ತಾನೆ, ಸುಳ್ಳು ಮುಖಗಳೆಲ್ಲ ಹೋಗಿ ನಿಜವಾದವನು ಉಳಿಯಲಿ ಅಂತ. ಅದಕ್ಕೆ ಭಾಷೆ ಯಾಕೆ ಬೇಕು? ಆ ಸಿನಿಮಾ ಬಿಡುಗಡೆ ಆಗುವ ಮೊದಲೇ ಆತ ತೀರಿಕೊಂಡಿದ್ದ ಅಂತ ಗೊತ್ತಾಗಿ ಆವತ್ತು ಬಸ್ಸಿನಲ್ಲಿ ಊರಿಗೆ ಬರುವವರೆಗೂ ನಾನು ಮಾತಾಡಿರಲಿಲ್ಲ.

ನೈಟ್ ಶಿಫ್ಟ್, ವಸಂತನರಸಾಪುರ:
ತಾತ, ಭಾಷೆ ಬೇಡ ಅಂದಿರಿ. ನಾನು ಬೇಕು ಅನ್ನುತ್ತೇನೆ, ಕ್ಷಮಿಸಿ.

ನಮ್ಮಲ್ಲಿ ದಶಕಗಳ ಕಾಲ ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ ಆಗಿ ಬರುತ್ತಿರಲಿಲ್ಲ. ನಮ್ಮ ಕಲಾವಿದರ ಹೊಟ್ಟೆಪಾಡು ಹೋಗುತ್ತದೆ ಅನ್ನುವ ಕಾರಣಕ್ಕೆ. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಭಾರತದ ಸ್ಪರ್ಧಾ ಆಯೋಗ ಆ ತಡೆ ತಪ್ಪು ಅಂತ ಹೇಳಿತು. ಆಮೇಲೆ ನಿಧಾನವಾಗಿ ಬರಲು ಶುರುವಾಯಿತು.

2022ರ ಡಿಸೆಂಬರ್‌ನಲ್ಲಿ ಅವತಾರ್ ಎರಡನೇ ಭಾಗ ಕನ್ನಡದಲ್ಲೂ ಬಂತು. ನಮ್ಮವ್ವನನ್ನು ಕರೆದುಕೊಂಡು ಹೋದೆ. ಗುಬ್ಬಿ ಹತ್ತಿರದ ಹಳ್ಳಿ, ತೆಂಗಿನ ತೋಟ ಬಿಟ್ಟು ಎಲ್ಲೂ ಹೋದವರಲ್ಲ. ಇಂಗ್ಲಿಷ್ ಸಿನಿಮಾ ನನಗೆ ಯಾಕೋ ಅಂದರು. ಕನ್ನಡ ಮಾತಾಡುತ್ತಾರೆ ಬಾ ಅಂದೆ. ನೀಲಿ ಜನರನ್ನು ನೋಡಿ ಮೊದಲ ಹತ್ತು ನಿಮಿಷ ಕೈ ಹಿಡಿದುಕೊಂಡಿದ್ದರು. ಆಮೇಲೆ ಬಿಟ್ಟರು. ಆ ದೊಡ್ಡ ತಿಮಿಂಗಿಲದಂಥ ಪ್ರಾಣಿಯನ್ನು ಬೇಟೆ ಆಡುತ್ತಾರಲ್ಲ, ಅದರ ಮರಿ ಪಕ್ಕದಲ್ಲೇ ಇರುತ್ತದೆ. ಅವ್ವ ಜೋರಾಗಿ "ಅಯ್ಯೋ, ಕರು ಐತಲ್ಲೋ" ಅಂದರು. ಹಿಂದಿನ ಸೀಟಿನವರೂ ಸುಮ್ಮನಾದರು. ಮನೆಗೆ ಬಂದು ಅಕ್ಕಪಕ್ಕದವರಿಗೆಲ್ಲ ಕಥೆ ಹೇಳಿದರು, ಹೆಸರು ಒಂದೂ ಇಲ್ಲ, ಆದರೆ ಯಾರು ಯಾಕೆ ಏನು ಮಾಡಿದರು ಅನ್ನುವುದು ಒಂದೂ ತಪ್ಪಿರಲಿಲ್ಲ.

ಅವ್ವನಿಗೆ ಈಗ ಅರವತ್ತೆರಡು. ಇಷ್ಟು ವರ್ಷ ಅವರಿಗೆ ಯಾಕೆ ಸಿಗಲಿಲ್ಲ ಇದು?

ಬಾಗೇಪಲ್ಲಿ ಬಸ್ಸು:
ಸರಿ ಅಣ್ಣ. ನಾವು ಗಡಿಯವರು ಎಲ್ಲಾ ಇಂಗ್ಲಿಷ್ ಸಿನಿಮಾನೂ ತೆಲುಗಿನಲ್ಲೇ ನೋಡಿ ಬೆಳೆದೆವು. ಡೈನೋಸಾರ್ ನನ್ನ ತಲೆಯಲ್ಲಿ ಇವತ್ತಿಗೂ ತೆಲುಗಿನಲ್ಲೇ ಇದೆ. ಆದರೆ ಡಬ್ ಮಾಡುವವರು ಮಾತಾಡುವ ಕನ್ನಡದಲ್ಲಿ ಮಾಡಬೇಕು. ಒಂದು ಸಿನಿಮಾದಲ್ಲಿ ಗುಂಡು ಹಾರುತ್ತಿರುವಾಗ ಪೊಲೀಸ್ "ಶೀಘ್ರವಾಗಿ ನಿರ್ಗಮಿಸಿ" ಅಂತಾನೆ. "ಬೇಗ ಹೊರಡ್ರೋ" ಅಂದರೆ ಮುಗಿಯಿತು.

ಫಿಸಿಕ್ಸ್ ಮೇಷ್ಟ್ರು, ಮಾಲೂರು:
ಆಕಾಶನೌಕೆ ಅನ್ನಲಿ, ಪರವಾಗಿಲ್ಲ, ಚೆನ್ನಾಗಿದೆ. ಆದರೆ ಬೆಳಕನ್ನೂ ಹೊರಗೆ ಬಿಡದ ಬ್ಲ್ಯಾಕ್‌ಹೋಲ್‌ಗೆ ಕಪ್ಪುಕುಳಿ ಅಂತ ಎಷ್ಟು ಒಳ್ಳೆಯ ಮಾತಿದೆ. ಅದನ್ನು ಬಿಟ್ಟು ಕೃಷ್ಣವಿವರ ಅಂದರೆ ಹುಡುಗರು ದೇವರ ಕಥೆ ಅಂದುಕೊಳ್ಳುತ್ತಾರೆ.

ಚಾಂಪಿಯನ್ ರೀಫ್ ಹುಡುಗಿ:
ಕಪ್ಪುಕುಳಿ ಅಂದಿರಲ್ಲ ಸರ್, ಇಂಟರ್‌ಸ್ಟೆಲ್ಲರ್ ಬಾಕಿ ಇತ್ತು, ಈಗ ಬರೆಯುತ್ತೇನೆ.

ಆ ಸಿನಿಮಾದಲ್ಲಿ ಕಪ್ಪುಕುಳಿಯ ಹತ್ತಿರ ಒಂದು ನೀರಿನ ಗ್ರಹ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಅಪ್ಪ ಅಲ್ಲಿಂದ ವಾಪಸ್ ಹಡಗಿಗೆ ಬರುವಷ್ಟರಲ್ಲಿ 23 ವರ್ಷ ಹೋಗಿರುತ್ತದೆ. ಮಕ್ಕಳು ಕಳಿಸಿದ ವಿಡಿಯೋಗಳನ್ನು ಒಂದೊಂದಾಗಿ ನೋಡುತ್ತಾನೆ. ಮಗ ಕಣ್ಣೆದುರೇ ದೊಡ್ಡವನಾಗುತ್ತಾನೆ, ಮದುವೆಯಾಗುತ್ತಾನೆ, ಮಗು ಆಗುತ್ತದೆ. ವಿಜ್ಞಾನ ಸರಿ ಇದೆ ಅಂತ ಹೇಳುತ್ತಾರೆ, ಸಲಹೆ ಕೊಟ್ಟ ಫಿಸಿಕ್ಸ್ ವಿಜ್ಞಾನಿ ಕಿಪ್ ಥಾರ್ನ್‌ಗೆ 2017ರಲ್ಲಿ ನೊಬೆಲ್ ಬಂತು. ನನಗೆ ಬೇಕಾದದ್ದು ಆ ಅಪ್ಪನ ಮುಖ.

ನಮ್ಮ ಅಪ್ಪನೂ ಗಣಿಯಲ್ಲಿದ್ದವರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ನನಗೆ ಆಗ ಆರು ವರ್ಷ. ಆಮೇಲೆ ಅಪ್ಪ ನಮ್ಮೂರಿನ ಸಾವಿರಾರು ಜನರ ಹಾಗೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಲು ಶುರು ಮಾಡಿದರು. ನಾನು ಏಳುವ ಮೊದಲೇ ಹೊರಡುತ್ತಿದ್ದರು. ನಾನು ಮಲಗಿದ ಮೇಲೆ ಬರುತ್ತಿದ್ದರು. ನಿದ್ದೆಗಣ್ಣಲ್ಲಿ ಡಬ್ಬಿಯ ಮುಚ್ಚಳದ ಸದ್ದು ಕೇಳಿದರೆ ಅಪ್ಪ ಬಂದರು ಅಂತ ಗೊತ್ತಾಗುತ್ತಿತ್ತು. ನಾನು ಉದ್ದ ಆದದ್ದು ಅಪ್ಪನಿಗೆ ಭಾನುವಾರ ಭಾನುವಾರ ಕಾಣುತ್ತಿತ್ತು.

ಈ ಚರ್ಚೆ ಓದಿ, ಮೊನ್ನೆ ಭಾನುವಾರ ಅಪ್ಪನಿಗೆ ಆ ಒಂದು ಸೀನ್ ಮಾತ್ರ ಹಾಕಿ ತೋರಿಸಿದೆ. ಕನ್ನಡದಲ್ಲಿ ನನಗೆ ಸಿಗಲಿಲ್ಲ, ಇಂಗ್ಲಿಷ್ ಅಪ್ಪನಿಗೆ ಬರುವುದಿಲ್ಲ. ಇವನು ಎಷ್ಟು ವರ್ಷ ಮನೆ ಬಿಟ್ಟಿದ್ದ ಅಂತ ಕೇಳಿದರು. 23 ಅಂದೆ. ಅಪ್ಪ ಬೆರಳು ಮಡಚಿ ಎಣಿಸಿದರು. ಗಣಿ ಮುಚ್ಚಿದ ವರ್ಷದಿಂದ, 2024ರಲ್ಲಿ ರೈಲಿನ ಪಾಸ್ ಬಿಟ್ಟವರೆಗೆ.

"ನನಗೂ ಅಷ್ಟೇ ಆಯಿತಲ್ಲಮ್ಮಾ" ಅಂದರು.